ಕೊರಳಮಟ ತುಂಬಿದ ಸೀಸೆ

ಬಿರಡೆ ಕಿರುಗುಟ್ಟಿದ ಸಪ್ಪಳ ಕೇಳಿಸಿತು. ಶೇಖಮ್ಮ ತಿರುಗಿ ನೋಡಲಿಲ್ಲ. ಗಂಡ ಸತ್ತಾಗಿನಿಂದ ಆ ಸಪ್ಪಳ ದಿನಾ ಮುಂಜಾನೆ ಬರುತ್ತಿತ್ತು. ಒಲೆ ಹೊತ್ತಿಸಿ ರೊಟ್ಟಿ ಬಡಿಯಲು ಕೂತಳೆಂದರೆ ಸಾಕು, ಬೆನ್ನ ಹಿಂದಿನ ಪಡಸಾಲೆಯಲ್ಲಿ, ನೀರಿನ ಹರವಿಯ ಹತ್ತಿರ ಭೀಮರಾಯ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳಿನಿಂದ ಬಿರಡೆ ಒತ್ತಿದಂತೆ. ಮೊದಮೊದಲು ಎದ್ದು ನೋಡುತ್ತಿದ್ದಳು. ಹರವಿ ಇರುತ್ತಿತ್ತು, ಅದರ ಬುಡದ ಉಸುಕು ಇರುತ್ತಿತ್ತು, ಅವನಿರುತ್ತಿರಲಿಲ್ಲ. ಈಗ ಏಳುವುದನ್ನೇ ಬಿಟ್ಟಿದ್ದಳು. ಬಂದು ಹೋಗಲಿ, ಅಷ್ಟಾದರೂ ಬರುತ್ತಾನಲ್ಲ.

ಇವತ್ತು ಸಪ್ಪಳದ ಹಿಂದೆಯೇ ವಾಸನೆ ಬಂತು. ಮಾಗಿದ ಹಣ್ಣಿನಂಥದು. ಸತ್ತವನು ಯಾವತ್ತೂ ವಾಸನೆ ತಂದಿರಲಿಲ್ಲ.

ಹಿಟ್ಟಿನ ಕೈಯಲ್ಲೇ ಓಡಿದಳು. ಬುದ್ಧನ ಪಟದ ಕೆಳಗೆ, ಭೀಮರಾಯನ ಫೋಟೋದ ಮುಂದೆ, ಅತ್ತೆ ಮಲ್ಲಾಬಾಯಿ ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಯ ಎಡೆ ಹಿಡಿದು ಕೂತಿದ್ದಳು. ಕೈಯಲ್ಲಿ ಸೀಸೆ. ಕೆಂಪು ವೈನು ಮಣ್ಣಿನ ನೆಲಕ್ಕೆ ಗುಳುಗುಳು ಇಳಿಯುತ್ತಿತ್ತು.

"ಅತ್ತಿ! ಏನ್ ಮಾಡಿದ್ರಿ ಇದು?"

"ದಿನಾ ಬಿರಡಿ ಸಪ್ಪಳ ಕೇಳ್ತದ ಅಂತ ನೀನಽ ಅಂದಿದ್ದೆಲ್ಲ ಶೇಖಿ. ಬೇಡಾಕತ್ತಾನ ನನ ಮಗ. ನೀರಡಿಸಿ ಬಂದವನ್ನ ಹಂಗಽ ಕಳಸ್ತಾರೇನು? ಅವರಪ್ಪಗೂ ನಾ ಹಿಂಗಽ ಹಾಕೀನಿ."

"ಅವ್ರು ಪಂಚಶೀಲ ತಗೊಂಡಿದ್ರು ಅತ್ತಿ. ಕುಡೀತಿದ್ದಿಲ್ಲ."

"ಅದು ಬದುಕಿದ್ದಾಗಿನ ಮಾತು."

ಶೇಖಮ್ಮ ಸೀಸೆ ಕಸಿದುಕೊಂಡಳು. ಅರ್ಧ ಖಾಲಿಯಾಗಿತ್ತು.

ಗೋಗಿಯಿಂದ ಶಹಾಪುರಕ್ಕೆ ಹೋಗುವ ಹಾದಿಯಲ್ಲಿ ಸಾಹುಕಾರನದೊಂದು ಗೆಸ್ಟ್ ಹೌಸು. ಭೀಮರಾಯ ಅದನ್ನು ಕಾಯುತ್ತಿದ್ದ. ಬಂದ ದೊಡ್ಡವರು ಕುಡಿದು ಉಳಿಸಿದ ತುಟ್ಟಿ ವೈನು, ಅವರು ಮತ್ತೆ ಬರುವತನಕ ಕೆಡಬಾರದೆಂದು ಸಾಹುಕಾರನ ತಾಕೀತು. ಗಾಳಿ ತಾಕಿದರೆ ಹುಳಿಯಾಗುತ್ತದೆಂದು ಅವರಿಂದಲೇ ಕೇಳಿ ತಿಳಿದುಕೊಂಡು, ಮ್ಯಾನೇಜರ್ ಮೌನೇಶನ ಎದುರಿಗೇ ಅದನ್ನು ಸಣ್ಣ ಸೀಸೆಗೆ ಸುರುವಿದ. ಗಾಳಿಗೆ ಜಾಗವಿಲ್ಲದಂತೆ ಕೊರಳಮಟ ತುಂಬಿ ಬಿರಡೆ ಒತ್ತಿದ. ಕರೆಂಟು ಹೋದರೆ ಅಲ್ಲಿಯ ಫ್ರಿಜ್ಜೂ ಬಿಸಿಯಾಗುತ್ತದೆಂದು ಮನೆಗೆ ತಂದು, ಹರವಿ ಬುಡದ ತೊಯ್ದ ಉಸುಕಿನಲ್ಲಿ ಹೂತಿಟ್ಟ. ಆಮೇಲೆ ಅದೇ ಸಾಹುಕಾರ ಅವನನ್ನು ಗೆಸ್ಟ್ ಹೌಸಿನ ಸಂಡಾಸದ ಗುಂಡಿಗೆ ಇಳಿಸಿದ. ನಡುವಿಗೆ ಹಗ್ಗವಿಲ್ಲ, ಮುಖಕ್ಕೊಂದು ಬಟ್ಟೆಯಿಲ್ಲ. ವೈನಿಗೆ ಗಾಳಿ ಸೋಕೀತೆಂದು ಅಷ್ಟು ಕಾಳಜಿ ಮಾಡಿದವರು, ಆ ಗುಂಡಿಯೊಳಗೆ ಮನುಷ್ಯನಿಗೆ ಗಾಳಿ ಸಿಕ್ಕೀತೋ ಇಲ್ಲವೋ ಎಂದು ಕೇಳಲಿಲ್ಲ.

ಹೆಣ ಮೇಲೆ ಬರುವ ಮೊದಲೇ ಸಾಹುಕಾರನ ಮಾತು ಊರು ತುಂಬಿತ್ತು: ಕುಡಿದು ಬಿದ್ದಾನ, ಗೆಸ್ಟ್ ಹೌಸಿನ ಮಾಲು ಅವನ ಮನ್ಯಾಗಽ ಅದ. ಕುಡುಕ ತಾನಾಗಿ ಬಿದ್ದು ಸತ್ತರೆ ಯಾರ ಮೇಲೂ ಕೇಸಿಲ್ಲ. ಚೆಲ್ಲಿಬಿಡು ಎಂದು ಓಣಿಯವರು ಹೇಳಿದರೂ ಶೇಖಮ್ಮ ಕೇಳಿರಲಿಲ್ಲ. ಅವನು ಒಂದು ಗುಟುಕೂ ಮುಟ್ಟಿಲ್ಲವೆಂದು ಹೇಳಲು ಉಳಿದಿದ್ದು ಆ ತುಂಬಿದ ಸೀಸೆಯೊಂದೇ. ದಿನಾ ಉಸುಕಿಗೆ ನೀರು ಚಿಮುಕಿಸಿ ಕಾಪಾಡಿದ್ದಳು. ಇವತ್ತು ವಿಚಾರಣೆಗೆ ಬರುವ ಸಾಹೇಬರ ಕೈಗೆ ಅದನ್ನು ಕೊಡಬೇಕಿತ್ತು.

ಬಾಗಿಲಲ್ಲಿ ಜೀಪು ನಿಂತಿತು. ಸಾಹೇಬರು ಇಳಿದರು. ಅದೇ ಜೀಪಿನಿಂದ ಮೌನೇಶನೂ ಇಳಿದ.

"ಒಳಗ ಬರ್ರಿ ಸಾಹೇಬ್ರ" ಎಂದಳು ಶೇಖಮ್ಮ.

"ಇರ್ಲಿ ಇರ್ಲಿ, ಇಲ್ಲೇ ಹೇಳಮ್ಮ" ಸಾಹೇಬರು ಹೊಸ್ತಿಲಾಚೆಗೇ ನಿಂತರು.

ಮೌನೇಶ ಸೀಸೆ ನೋಡಿದ. "ನಾ ಹೇಳಿದ್ದಿಲ್ಲೇನ್ರಿ? ನೋಡ್ರಿ, ಕೈಯಾಗಽ ಹಿಡಕೊಂಡು ನಿಂತಾಳ."

"ನಿಮ್ಮ ಎದುರಿಗೇ ತುಂಬಿದ್ರಲ್ರಿ ಮೌನೇಶಣ್ಣ. ಕೊರಳಮಟ ಇದ್ದಿದ್ದಿಲ್ಲೇನು?"

"ಇತ್ತವ್ವ, ಸುಳ್ಳ್ಯಾಕ ಹೇಳ್ಲಿ. ಈಗ ಅರ್ಧಾ ಅದ. ಉಳಿದದ್ದು ಏನು ಇಲಿ ಕುಡದ್ವೇನು?"

ಜೀಪಿನ ಡ್ರೈವರ್ ಕಿಸಕ್ಕನೆ ನಕ್ಕ.

"ನಾ ಸುರದೀನ್ರಿ ಎಪ್ಪಾ, ನಾ!" ಒಳಗಿನಿಂದ ಮಲ್ಲಾಬಾಯಿ ಕೂಗಿದಳು. "ನನ ಮಗಗ ಎಡಿ ಹಿಡದು ಹಾಕೀನಿ."

"ಕೇಳಿದ್ರ್ಯಾ ಸಾಹೇಬ್ರ?" ಮೌನೇಶನ ದನಿ ಬೆಣ್ಣೆಯಂತಿತ್ತು. "ಕುಡೀದ ಮಗಗ ಯಾವ ತಾಯಿ ಹಿಂಥಾದ್ದು ಎಡಿ ಹಿಡೀತಾಳ?"

ತಾನೇನು ಮಾಡಿದೆನೆಂಬುದು ಮುದುಕಿಗೆ ಆಗ ತಿಳಿಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಈಗಿಂದೀಗ ಸುರದದ್ರಿ ಸಾಹೇಬ್ರ" ಶೇಖಮ್ಮ ಒಳಗಿನ ನೆಲದ ಕಡೆ ಕೈ ಮಾಡಿದಳು. "ನೆಲ ಇನ್ನಾ ಹಸಿ ಅದ. ಒಂದು ಹೆಜ್ಜಿ ಒಳಗ ಬರ್ರಿ. ಬಗ್ಗಿ ಮುಟ್ಟಿ ನೋಡ್ರಿ. ಮೂಸಿ ನೋಡ್ರಿ."

ಸಾಹೇಬರು ಹೊಸ್ತಿಲು ನೋಡಿದರು. ತಮ್ಮ ಬೂಟು ನೋಡಿದರು. ಓಣಿಯಲ್ಲಿ ಕೂಡಿದ ಮಂದಿಯನ್ನು ನೋಡಿದರು. ಆ ಓಣಿಯ ಯಾವ ಮನೆಯೊಳಗೂ ಬಗ್ಗಿ ಅಭ್ಯಾಸವಿಲ್ಲದ ನಡು ಅವರದು.

"ನಿಂದ್ರಮ್ಮ, ಒಂದು ಫೋನ್ ಮಾಡಿ ಬರ್ತೀನಿ" ಎಂದು ಬೇವಿನ ಗಿಡದ ನೆರಳಿಗೆ ನಡೆದರು. ಮೌನೇಶ ಅವರ ಹಿಂದೆ ಹೋದ.

ಬೆಳಕಿಂಡಿಯಿಂದ ಬಿಸಿಲು ನೆಲಕ್ಕೆ ಬಿದ್ದಿತ್ತು. ತೊಯ್ದ ಮಣ್ಣಿನ ಅಂಚು ಆಗಲೇ ಬೆಳ್ಳಗಾಗತೊಡಗಿತ್ತು. ಶೇಖಮ್ಮ ಎಡೆಯ ರೊಟ್ಟಿ, ಪಲ್ಯ ತೆಗೆದು ಬದಿಗಿಟ್ಟಳು. ಗಂಗಾಳವನ್ನು ಆ ಹಸಿಯ ಮೇಲೆ ಬೋರಲು ಹಾಕಿ, ಹಿಟ್ಟು ಮೆತ್ತಿದ ಎರಡೂ ಕೈಯಿಂದ ಒತ್ತಿ ಹಿಡಿದು ಕೂತಳು.

ಮಲ್ಲಾಬಾಯಿ ತೆವಳುತ್ತ ಬಂದು ಎದುರಿಗೆ ಕೂತಳು. ಸೊಸೆಯ ಕೈಗಳ ಪಕ್ಕದಲ್ಲಿ ತನ್ನ ಸುಕ್ಕುಗೈಗಳನ್ನೂ ಇಟ್ಟಳು.

ಹೊರಗೆ ಸಾಹೇಬರು ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದರು. ಇಬ್ಬರೂ ಹೊಸ್ತಿಲ ಕಡೆ ನೋಡುತ್ತ, ಕೈ ಎತ್ತದೆ ಕೂತೇ ಇದ್ದರು.