ಸೀರೆ ಗಾರ್ಡ್

ಸುಬೇದಾರ್ ಬೊಳ್ಳಪ್ಪನವರು ಪಟ್ಟಿಯಿಲ್ಲದೆ ತರಕಾರಿಗೂ ಹೋದವರಲ್ಲ. ಸೈನ್ಯದ ಸರಬರಾಜು ದಳದಲ್ಲಿ ಇಪ್ಪತ್ತೆಂಟು ವರ್ಷ ಲಾರಿಗಳಿಗೆ ಸಾಮಾನು ತುಂಬಿಸಿದ ಮನುಷ್ಯ. ಎರಡು ಸಾವಿರದ ಏಳರ ಏಪ್ರಿಲ್‌ನಲ್ಲಿ ನಿವೃತ್ತರಾದರು. ಮೇ ತಿಂಗಳಲ್ಲಿ ಹೊಸ ಥಂಡರ್‌ಬರ್ಡ್ ಬೈಕು ತಂದು ದೆಹಲಿಯ ಮಯೂರ್ ವಿಹಾರದ ತಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ನಿಲ್ಲಿಸಿದರು. ಬೈಕಿನ ಸೀಟಿನ ಪ್ಲಾಸ್ಟಿಕ್ಕು ಹರಿಯುವ ಮೊದಲೇ ಪಟ್ಟಿ ತಯಾರಾಗಿತ್ತು, ನಲವತ್ತೆರಡು ಐಟಂ. ಜೂನ್ ಕೊನೆಗೆ ಗಂಡ ಹೆಂಡತಿ ಇಬ್ಬರೂ ಬೈಕಿನಲ್ಲಿ ಲೇಹ್‌ಗೆ ಹೋಗುವುದೆಂದು ತೀರ್ಮಾನವಾಗಿತ್ತು.

ಲೇಹ್ ಎಂದರೆ ಹೆಂಡತಿ ಪೊನ್ನಮ್ಮನಿಗೆ ಕಾಗದದಲ್ಲಿ ಓದಿದ ಊರು. ಗಂಡ ಅಲ್ಲಿ ಎರಡು ಸಲ ಕೆಲಸ ಮಾಡಿದ್ದರು. ಎರಡು ಸಲವೂ ಫೀಲ್ಡ್ ಪೋಸ್ಟಿಂಗ್, ಅಂದರೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಮಡಿಕೇರಿಗೆ ಬರುತ್ತಿದ್ದ ಪ್ರತಿ ಕಾಗದದ ಕೊನೆಗೂ ‘ನಿನಗೂ ಒಂದು ದಿನ ತೋರಿಸುತ್ತೇನೆ’ ಎಂಬ ಸಾಲು ಇರುತ್ತಿತ್ತು. ಆ ಒಂದು ದಿನ ಬರುವ ಹೊತ್ತಿಗೆ ಪೊನ್ನಮ್ಮನಿಗೆ ಐವತ್ತೊಂದಾಗಿ, ಎಡ ಮೊಣಕಾಲು ನೋಯುತ್ತಿತ್ತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಹಾಗೆ. ಆದರೂ ಕಡಲೆ ಬಿಡುವ ಹೆಂಗಸಲ್ಲ ಆಕೆ.

ಶನಿವಾರ ಬೆಳಗ್ಗೆ ಇಬ್ಬರೂ ಕರೋಲ್ ಬಾಗಿಗೆ ಹೋದರು. ಪೊನ್ನಮ್ಮ ಹಿಂದಿನ ಸೀಟಿನಲ್ಲಿ ಒಂದೇ ಪಕ್ಕಕ್ಕೆ ಕಾಲಿಳಿಬಿಟ್ಟು, ಚಕ್ರಕ್ಕೆ ಸೀರೆ ಸಿಗದಂತೆ ಹಾಕಿದ್ದ ಸೀರೆ ಗಾರ್ಡಿಗೆ ಸೆರಗು ತಾಗದಂತೆ ಹಿಡಿದು ಕೂತಿದ್ದಳು. ಬೈಕಿನ ಸಾಮಾನಿನ ಅಂಗಡಿಗಳ ಗಲ್ಲಿಯಲ್ಲಿ ಕುಲವಂತ್ ಸಿಂಗ್ ಎಂಬ ಮಿಸ್ತ್ರಿ ಫುಟ್‌ಪಾತಿನ ಮೇಲೆಯೇ ಕೆಲಸ ಶುರುಮಾಡಿದ. ಮುಂದಕ್ಕೆ ದೊಡ್ಡ ಕ್ರ್ಯಾಶ್ ಗಾರ್ಡ್ ಬಂತು, ಗಾಳಿ ತಡೆಯುವ ಗಾಜು ಬಂತು, ಮಂಜಿನ ದೀಪಗಳು ಬಂದವು. ಬೊಳ್ಳಪ್ಪ ಒಂದೊಂದಕ್ಕೂ ಗುರುತು ಹಾಕುತ್ತಾ ನಿಂತರು. ಬೆವರು ಮೂಗಿನ ತುದಿಯಿಂದ ಪಟ್ಟಿಯ ಮೇಲೆ ತೊಟ್ಟಿಕ್ಕುತ್ತಿತ್ತು, ಮುಖದಲ್ಲಿ ಮಾತ್ರ ಮದುಮಗನ ಕಳೆ.

ಪೊನ್ನಮ್ಮ ಎದುರಿನ ಅಂಗಡಿಯಲ್ಲಿ ಎರಡು ಜೊತೆ ಕೈಗವಸು ಆರಿಸಿ ವಾಪಸಾದಾಗ, ಮಿಸ್ತ್ರಿ ಪಟ್ಟಿ ನೋಡಿ ತಲೆ ಕೆರೆಯುತ್ತಿದ್ದ. ಇಷ್ಟೆಲ್ಲ ಸಾಮಾನು ಬರೀ ಪಕ್ಕದ ಚೀಲಗಳಲ್ಲಿ ಹಿಡಿಯುವುದಿಲ್ಲ, ಹಿಂದಿನ ಸೀಟಿನ ಮೇಲೆ ಉದ್ದಕ್ಕೂ ಕಬ್ಬಿಣದ ಕ್ಯಾರಿಯರ್ ಕೂರಿಸಬೇಕು ಎಂದ.

“ಸಾಬ್‌ಜೀ, ಅಕೇಲೇ ಜಾ ರಹೇ ಹೋ ನಾ?” ಎಂದು ಕೇಳಿದ. ಒಬ್ಬರೇ ತಾನೆ ಹೋಗುವುದು?

ಬೊಳ್ಳಪ್ಪ ಪಟ್ಟಿಯಿಂದ ಕಣ್ಣೆತ್ತಲಿಲ್ಲ. “ಲೋಡ್ ಪೂರಾ ಆನಾ ಚಾಹಿಯೇ,” ಎಂದರು. ಸಾಮಾನು ಪೂರ್ತಿ ಹಿಡಿಯಬೇಕು, ಅಷ್ಟೆ.

ಪೊನ್ನಮ್ಮ ಕೈಗವಸು ಹಿಡಿದು ಅಲ್ಲೇ ನಿಂತಳು. ಈಗ ಸರಿಪಡಿಸುತ್ತಾರೆ, ಈಗ ‘ನಾವಿಬ್ಬರು’ ಎನ್ನುತ್ತಾರೆ ಎಂದು ಕಾದಳು. ಮಿಸ್ತ್ರಿ ಹೆಂಗಸರು ಕಾಲಿಡುವ ಕಬ್ಬಿಣದ ಪಟ್ಟಿ ಬಿಚ್ಚಿದ. ಸೀರೆ ಗಾರ್ಡ್ ಬಿಚ್ಚಿ ಫುಟ್‌ಪಾತಿಗೆ ಎಸೆದ. ಎರಡೂ ಕ್ಯಾರಿಯರ್‌ಗೆ ಅಡ್ಡ ಬರುತ್ತಿದ್ದವು. ಸುಬೇದಾರರು ಇಪ್ಪತ್ತಮೂರನೇ ಐಟಂಗೆ ಗುರುತು ಹಾಕಿದರು. ಆಕೆ ಬಗ್ಗಿ ಎರಡನ್ನೂ ಎತ್ತಿಕೊಂಡು, ಹಳೇ ಪೇಪರಿನಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಹೊರಡುವಾಗಲಾದರೂ ಬೊಳ್ಳಪ್ಪನವರಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. “ಕ್ಯಾರಿಯರ್ ಮೇಲೆ ಕೂತ್ರೆ ಪೇಂಟ್ ಹೋಗುತ್ತೆ, ನೀನು ಆಟೋದಲ್ಲಿ ಬಂದ್ಬಿಡು,” ಎಂದು ಆಟೋ ಭಯ್ಯಾನೊಬ್ಬನನ್ನು ಕರೆದು ಆಕೆಯನ್ನು ಹತ್ತಿಸಿದರು. ಯಮುನೆಯ ಸೇತುವೆಯ ಮೇಲೆ ಥಂಡರ್‌ಬರ್ಡ್ ಆಟೋವನ್ನು ಹಿಂದೆ ಹಾಕಿ ಹೋಯಿತು. ಬೊಳ್ಳಪ್ಪ ಹೊಸ ಹಾರ್ನು ಬಾರಿಸಿ ಕೈಬೀಸಿದರು. ಪೊನ್ನಮ್ಮ ಕೈಬೀಸಲಿಲ್ಲ.

ಭಾನುವಾರ ಬೆಳಗ್ಗೆ ಪಾರ್ಕಿಂಗಿನಲ್ಲಿ ಸಾಮಾನು ಹೇರುವ ಪರೀಕ್ಷೆ ನಡೆಯಿತು. ಪೊನ್ನಮ್ಮ ಓದುವುದು, ಬೊಳ್ಳಪ್ಪ ಹೇರುವುದು.

“ತಟ್ಟೆ, ಎರಡು.”

“ಎರಡು.”

“ರೈನ್‌ಕೋಟು, ಎರಡು. ಮಲಗೋ ಚೀಲ, ಎರಡು.”

“ಎರಡೆರಡೂ ಇದೆ. ಮುಂದೆ?”

ಮಡಿಸುವ ಮೇಜು, ಎರಡು ಸ್ಟವ್, ಮೂರು ಹಗ್ಗ, ಪೆಟ್ರೋಲ್ ಡಬ್ಬಿ ನಾಲ್ಕು. ನಲವತ್ತೆರಡನೆಯದು ಹೆಂಡತಿಯ ಮೊಣಕಾಲಿಗೆ ಹಚ್ಚುವ ಮುಲಾಮು. ಅದೂ ಸೇರಿ ಎಲ್ಲ ಹಿಡಿಯಿತು. ಬೊಳ್ಳಪ್ಪ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

“ಒಂದು ಐಟಮೂ ಬಿಟ್ಟಿಲ್ಲ ನೋಡು!”

“ಮುಲಾಮೂ ಹತ್ತಿತು,” ಎಂದಳು ಪೊನ್ನಮ್ಮ. “ಮೊಣಕಾಲು ಎಲ್ಲಿ ಕೂರ್ಬೇಕು?”

“ಯಾವ ಮೊಣಕಾಲು?”

“ಲೇಹ್ ಅಂದ್ರೆ ಈಗ್ಲೂ ಫೀಲ್ಡ್ ಪೋಸ್ಟಿಂಗೇನ್ರೀ?”

ಸಿಟ್ಟಿತ್ತು ಆಕೆಗೆ. ಇಪ್ಪತ್ತೆಂಟು ವರ್ಷದ ಸಿಟ್ಟು. ಆಗ ಸರ್ಕಾರ ಬಿಡಲಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು. ಈಗ ಸರ್ಕಾರ ಬಿಟ್ಟಿತ್ತು, ಆಕೆಯ ಗಂಡನ ಪಟ್ಟಿ ಬಿಟ್ಟಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅಂದ ಹಾಗೆ.

ಬೊಳ್ಳಪ್ಪ ಬೈಕನ್ನು ನೋಡಿದರು. ಹೆಂಡತಿಯ ತಟ್ಟೆ, ಹೆಂಡತಿಯ ಕೈಗವಸು, ಹೆಂಡತಿಯ ಮಲಗುವ ಚೀಲ, ಎಲ್ಲವೂ ಆಕೆ ಕೂರಬೇಕಾದ ಜಾಗದಲ್ಲಿ ಹಗ್ಗ ಬಿಗಿದುಕೊಂಡು ಕೂತಿದ್ದವು. ಅವರ ಕಿವಿ ಕೆಂಪಾಯಿತು. ತಪ್ಪಾಯಿತು ಎನ್ನುವ ಅಭ್ಯಾಸ ಅವರಿಗೆ ಇರಲಿಲ್ಲ. ಹೋಗಿ ಸ್ಪ್ಯಾನರ್ ತಂದರು.

ಮಧ್ಯಾಹ್ನದ ಹೊತ್ತಿಗೆ ಕ್ಯಾರಿಯರ್ ಕೆಳಗಿಳಿದಿತ್ತು. ಮೇಜು ಹೋಯಿತು, ಒಂದು ಸ್ಟವ್ ಹೋಯಿತು, ಎರಡು ಹಗ್ಗ, ಮೂರು ಡಬ್ಬಿ ಹೋದವು. ಇನ್ನೂ ಏನೇನೋ ಹೋಗಿ ಪಟ್ಟಿ ಹತ್ತೊಂಬತ್ತಕ್ಕೆ ಇಳಿಯಿತು. ಪೊನ್ನಮ್ಮ ಪೇಪರಿನ ಪೊಟ್ಟಣ ಬಿಚ್ಚಿ ಮುಂದಿಟ್ಟಾಗ ಸುಬೇದಾರರು ಸೀರೆ ಗಾರ್ಡನ್ನೂ ಕಾಲಿಡುವ ಪಟ್ಟಿಯನ್ನೂ ಮತ್ತೆ ಕೂರಿಸಿದರು. ಒಂದು ಬೋಲ್ಟು ಕಡಿಮೆ ಬಂತು. ಪೆಟ್ರೋಲ್ ಡಬ್ಬಿಯ ಸ್ಟ್ಯಾಂಡಿನಿಂದ ಬಿಚ್ಚಿ ಹಾಕಿದರು.

“ಬಾ, ಕೂತು ನೋಡು,” ಎಂದರು.

“ಬಂದೆ ಇರಿ,” ಎಂದು ಆಕೆ ಮೇಲೆ ಹೋದಳು.

ಇಳಿದು ಬಂದಾಗ ಮೈಮೇಲೆ ಸೀರೆಯಿರಲಿಲ್ಲ. ಬೂದು ಬಣ್ಣದ ದಪ್ಪ ಪ್ಯಾಂಟು, ಉದ್ದ ತೋಳಿನ ಅಂಗಿ. ಮೂರು ವಾರದ ಹಿಂದೆಯೇ ಸರೋಜಿನಿ ನಗರದಲ್ಲಿ ಕೊಂಡು, ಬೀರುವಿನಲ್ಲಿ ಸೀರೆಗಳ ಕೆಳಗೆ ಅಡಗಿಸಿಟ್ಟಿದ್ದಳು. ಗಂಡನ ಹೆಗಲು ಹಿಡಿದು, ನೋಯುವ ಎಡಗಾಲನ್ನು ನೆಲಕ್ಕೂರಿ, ಇನ್ನೊಂದು ಕಾಲನ್ನು ಬೈಕಿನ ಆಚೆಗೆ ಹಾಕಿ ಗಂಡಸರ ಹಾಗೆ ಕೂತಳು. ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕ್ಲಿಪ್ಪು ಬೀಳಿಸಿದಳು.

ಬೊಳ್ಳಪ್ಪ ಪ್ಯಾಂಟು ನೋಡಿದರು, ಸೀರೆ ಗಾರ್ಡ್ ನೋಡಿದರು. “ಅಲ್ವೇ, ಹಾಗಾದ್ರೆ ಇದು ಯಾಕೆ? ತೆಗೆದುಬಿಡ್ಲಾ?” ಎಂದು ಸ್ಪ್ಯಾನರ್ ಎತ್ತಿದರು.

“ಇರ್ಲಿ,” ಎಂದಳು ಪೊನ್ನಮ್ಮ. “ಇಲ್ಲಿ ಒಬ್ಳು ಕೂರ್ತಾಳೆ ಅಂತ ನೋಡ್ದೋರಿಗೆ ಗೊತ್ತಾಗ್ಲಿ. ಮೊದ್ಲು ನಿಮಗೆ.”

ಸುಬೇದಾರರು ಸ್ಪ್ಯಾನರ್ ಕೆಳಗಿಟ್ಟರು.