ಕೊಮಾದ್ರೆಗೆ ನೀನು ಎಂದವಳು

ಚಿತ್ರದಲ್ಲಿದ್ದದ್ದು ಬಾವಲಿ. ಎಂಬತ್ತು ದಾಟಿದ ಸೆಲೆದೋನಿಯಾ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು ನೋಡಿ, "ಹಾರೋ ಇಲಿ" ಎಂದಳು. ಮುಂದಿನ ಚಿತ್ರ ಟರ್ಕಿ ಕೋಳಿಯದು. "ನೆಲದ ಕೋಳಿ" ಎಂದಳು. ಆಸ್ಪತ್ರೆಯಲ್ಲಿ ನೆನಪಿನ ಪರೀಕ್ಷೆ ನಡೆಸುತ್ತಿದ್ದ ಯಾಮಿಲಾ ಎಂಬ ಹುಡುಗಿ ಎರಡನ್ನೂ ತಪ್ಪೆಂದು ಗುರುತು ಹಾಕಿಕೊಂಡಳು. ಯಾಮಿಲಾಳ ಮನೆಮಾತೂ ಸ್ಪ್ಯಾನಿಷ್ಷೇ, ಆದರೆ ಅದು ಕಡಲತೀರದ ಫ್ಲಾರಿಡಾದಿಂದ ಬಂದ ಸ್ಪ್ಯಾನಿಷ್. ನ್ಯೂ ಮೆಕ್ಸಿಕೋದ ಈ ಬೆಟ್ಟದ ಕಣಿವೆಯಲ್ಲಿ ಬಾವಲಿಗೆ ಮುತ್ತಜ್ಜಂದಿರ ಕಾಲದಿಂದಲೂ ಹಾರುವ ಇಲಿಯೆಂದೂ ಟರ್ಕಿಗೆ ನೆಲದ ಕೋಳಿಯೆಂದೂ ಹೆಸರೆಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಡಾಕ್ಟರ್ ಬಾರೆಲಾ ಸೆಲೆದೋನಿಯಾಳ ಮಗಳು ಎರ್ಲಿಂದಾಳನ್ನು ಒಳಗೆ ಕರೆದರು.

"ತಾಯಿಯವರಿಗೆ ಪದಗಳು ನೆನಪಿಗೆ ಬರ್ತಿಲ್ಲ. ಇನ್ನು ಮೇಲೆ ಇನ್ಸುಲಿನ್ನನ್ನ ಅವರ ಕೈಗೆ ಬಿಡೋದು ಕ್ಷೇಮ ಅಲ್ಲ. ದಿನಾ ಯಾರಾದ್ರೂ ನಿಂತು ಕೊಡ್ಬೇಕು. ಆಗದಿದ್ರೆ ಪಟ್ಟಣದಲ್ಲಿ ವೃದ್ಧರ ಆರೈಕೆ ಮನೆ ಇದೆ."

ಆರೈಕೆ ಮನೆ ಎಂಬ ಮಾತು ಕಿವಿಗೆ ಬಿದ್ದೊಡನೆ ಎರ್ಲಿಂದಾ ನೆಟ್ಟಗೆ ಕುಳಿತಳು. ಹಳ್ಳಿಯ ಅಂಚೆ ಕಚೇರಿಯ ಕಿಟಕಿಯಲ್ಲಿ ಬಹುಕಾಲ ಕಳೆದವಳು ಅವಳು. ಲಕೋಟೆಯ ಮುಖ ನೋಡಿಯೇ ಒಳಗಿನದನ್ನು ಊಹಿಸುವುದನ್ನು ಕಲಿತಿದ್ದಳು. ಈ ಲಕೋಟೆಯ ಮುಖ ಅವಳಿಗೆ ಹಿಡಿಸಲಿಲ್ಲ. ಯಾವ ಪ್ರಶ್ನೆ, ಯಾವ ಉತ್ತರ ಎಂದು ಒಂದೊಂದಾಗಿ ಕೇಳಿದಳು. ಯಾಮಿಲಾ ಹೇಳಿದಳು.

"ಹಾರೋ ಇಲಿ ಅನ್ನದೆ ನಮ್ಮಮ್ಮ ಇನ್ನೇನು ಅನ್ಬೇಕಿತ್ತು?"

"ಪುಸ್ತಕದಲ್ಲಿ ಬೇರೆ ಹೆಸರಿದೆ, ಮೇಡಂ."

"ಆ ಪುಸ್ತಕ ಬರೆದೋರನ್ನ ಒಂದಿನ ನಮ್ಮೂರಿಗೆ ಕಳಿಸಿ. ನಮ್ಮ ನೆಲದ ಕೋಳಿ ಒಂದ್ಸಲ ಅಟ್ಟಿಸ್ಕೊಂಡು ಬಂದ್ರೆ ಹೆಸರು ತಾನೇ ಬಾಯಿಗೆ ಬರುತ್ತೆ." ಎರ್ಲಿಂದಾ ಡಾಕ್ಟರರ ಕಡೆ ತಿರುಗಿದಳು. "ನೀವು ಈ ಸೀಮೆಯೋರೇ ಅಲ್ವಾ ಡಾಕ್ಟ್ರೇ? ನಿಮ್ಮಜ್ಜಿ ಏನಂತಿದ್ರು?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾರೋ ಇಲಿ ಅಂತಲೇ ಅಂತಿದ್ರು."

"ಹಾಗಾದ್ರೆ ನಿಮ್ಮಜ್ಜಿಗೂ ಬುದ್ಧಿ ಕೆಟ್ಟಿತ್ತಾ?"

ಡಾಕ್ಟರು ಪ್ರಾಮಾಣಿಕರು. ಆ ಉತ್ತರಗಳನ್ನು ತಪ್ಪೆಂದು ಎಣಿಸುವುದಿಲ್ಲ ಎಂದರು. ಬೇರೆ ವಿಧದ ಪರೀಕ್ಷೆಗೆ ಮುಂದಿನ ತಿಂಗಳು ಬನ್ನಿ, ಅಲ್ಲಿಯವರೆಗೆ ಔಷಧಿಯ ಮೇಲೆ ಕಣ್ಣಿಡಿ ಎಂದರು. ಮೊದಲನೆಯ ಮಾತು ಎರ್ಲಿಂದಾಳ ಕಿವಿಗೆ ಬಿತ್ತು. ಉಳಿದದ್ದು ಬೀಳಲಿಲ್ಲ.

ಒಂದು ಜನದ ನುಡಿಯನ್ನು ಅರಿಯದೆ ಆ ಜನದ ಬುದ್ಧಿಯನ್ನು ಅಳೆಯಹೊರಡುವುದು ಅನ್ಯಾಯ. ಅದನ್ನು ಅನ್ಯಾಯವೆಂದು ಎದುರಿಗೆ ನಿಂತು ಹೇಳಿದ್ದರಲ್ಲಿ ಎರ್ಲಿಂದಾಳ ತಪ್ಪು ಎಳ್ಳಷ್ಟೂ ಇರಲಿಲ್ಲ. ಆದರೆ ನ್ಯಾಯವಾದ ಸಿಟ್ಟಿಗೂ ಕಣ್ಣಿಗೆ ಪಟ್ಟಿ ಕಟ್ಟುವ ಗುಣವಿದೆ. ಪರೀಕ್ಷೆ ಸುಳ್ಳೆಂದು ತೋರಿಸಿದೊಡನೆ, ತಾಯಿ ಸ್ವಸ್ಥಳೆಂದೂ ಅವಳು ತೀರ್ಮಾನಿಸಿಬಿಟ್ಟಳು. ಇವು ಎರಡು ಬೇರೆ ಬೇರೆ ಸಂಗತಿಗಳು. ಅಂಚೆಚೀಟಿ ಕೊಳ್ಳಲು ಬಂದವರಿಗೆಲ್ಲ ಆಸ್ಪತ್ರೆಯ ಕಥೆ ಹೇಳುತ್ತ, ನಗಿಸುತ್ತ, ಅವಳು ಈ ಎರಡನ್ನೂ ಒಂದೇ ಗಂಟಾಗಿ ಕಟ್ಟಿಬಿಟ್ಟಿದ್ದಳು.

ತನ್ನ ಗಂಡ ತೀರಿಕೊಂಡ ಮೇಲೆ ಎರ್ಲಿಂದಾ ತಾಯಿಯನ್ನು ತನ್ನ ಮನೆಗೇ ಕರೆತಂದಿದ್ದಳು. ಹಗಲು ಅವಳು ಕಚೇರಿಯಲ್ಲಿರುವಾಗ ತಾಯಿಗೆ ಜೊತೆಯಾಗಿ ಲಿಬ್ರಾದಾ ಬಂದು ಕೂರುತ್ತಿದ್ದಳು. ಎರ್ಲಿಂದಾ ಹಸುಗೂಸಾಗಿದ್ದಾಗ ಚರ್ಚಿನ ದೀಕ್ಷಾಸ್ನಾನದಲ್ಲಿ ಅವಳನ್ನು ತೋಳಿನಲ್ಲಿ ಹಿಡಿದ ಜ್ಞಾನತಾಯಿ ಈ ಲಿಬ್ರಾದಾ. ಅದಕ್ಕೂ ಮೊದಲು ಸೆಲೆದೋನಿಯಾ ಮತ್ತು ಲಿಬ್ರಾದಾ ಒಂದೇ ಕಾಲುವೆಯಲ್ಲಿ ಕಾಲು ಇಳಿಬಿಟ್ಟು, ಒಬ್ಬರ ಜಡೆಯನ್ನು ಒಬ್ಬರು ಎಳೆದು, ಕಣೇ ಹೋಗೇ ಎಂದು ಬೆಳೆದ ಗೆಳತಿಯರು. ಮಗುವಿನ ತಲೆಯ ಮೇಲೆ ನೀರು ಬಿದ್ದ ಆ ಭಾನುವಾರದಿಂದ ಅವರು ಕೊಮಾದ್ರೆಗಳಾದರು. ಹೆತ್ತ ತಾಯಿಗೂ ಜ್ಞಾನತಾಯಿಗೂ ನಡುವಿನ ಆ ನಂಟನ್ನು ಕಣಿವೆಯ ಜನ ರಕ್ತಸಂಬಂಧಕ್ಕಿಂತ ಮೇಲೆಂದು ಎಣಿಸುತ್ತಾರೆ. ಅಂದಿನಿಂದ ಒಬ್ಬರಿಗೊಬ್ಬರು ನೀವು, ಬನ್ನಿ, ಕೂತ್ಕೊಳ್ಳಿ. ಮತ್ತೆಂದೂ ನೀನು ಇಲ್ಲ.

ಚಳಿಗಾಲದ ಆರಂಭದಲ್ಲಿ ಎರ್ಲಿಂದಾ ಒಂದು ಸಂಗತಿ ಗಮನಿಸಿದಳು. ಫ್ರಿಜ್ಜಿನ ಬಾಗಿಲಲ್ಲಿ ಇರಬೇಕಾದ ಇನ್ಸುಲಿನ್ ಸೀಸೆ ಅಲ್ಲಿರಲಿಲ್ಲ. ಸೂಜಿಗಳ ಪೊಟ್ಟಣವೂ ಕಾಣಲಿಲ್ಲ. ತಾಯಿಯನ್ನು ಕೇಳಿದರೆ, "ಇದ್ದಲ್ಲೇ ಇದೆ" ಎಂದು ಕಿಟಕಿಯ ಕಡೆ ತಿರುಗಿದಳು. ಮರುದಿನ ಲಿಬ್ರಾದಾ ಬಂದಾಗ ಅವಳ ಕಪ್ಪು ಚೀಲ ಮಡಿಲಿನಿಂದ ಇಳಿಯದೇ ಇದ್ದದ್ದು ಎರ್ಲಿಂದಾಳ ಕಣ್ಣಿಗೆ ಬಿತ್ತು. ಒಲೆಗೆ ಕಟ್ಟಿಗೆ ಹಾಕಲು ಎದ್ದಾಗಲೂ ಚೀಲ ತೋಳಿಗೆ ನೇತಾಡುತ್ತಿತ್ತು.

ಲಿಬ್ರಾದಾಳಿಗೂ ಸಕ್ಕರೆ ಕಾಯಿಲೆ. ಗಂಡ ಆಸ್ಪತ್ರೆಯಲ್ಲಿ ಸತ್ತ ಮೇಲೆ ಆ ಮೆಟ್ಟಿಲು ಹತ್ತುವುದಿಲ್ಲವೆಂದು ಅವಳು ಆಣೆ ಇಟ್ಟುಕೊಂಡಿದ್ದಳು. ಹಾಗಾದರೆ ಅವಳಿಗೆ ಔಷಧಿ ಎಲ್ಲಿಂದ ಬರುತ್ತಿದೆ? ಪ್ರಶ್ನೆ ಒಮ್ಮೆ ಮೂಡಿದ ಮೇಲೆ ಎರ್ಲಿಂದಾಳಿಗೆ ಎಲ್ಲವೂ ಅದರ ಉತ್ತರದಂತೆಯೇ ಕಾಣತೊಡಗಿತು.

"ಮದ್ರೀನಾ, ನಿಮ್ಮ ಸಕ್ಕರೆ ಹೇಗಿದೆ?" ಎಂದು ಜ್ಞಾನತಾಯಿಯನ್ನು ಕೇಳಿ ನೋಡಿದಳು.

"ಕಾಫಿಗೆ ಒಂದು ಚಮಚ ಸಾಕು."

"ನಾನು ಕಾಯಿಲೆ ಕೇಳಿದ್ದು."

"ಕೇಳೋರಿಗೆಲ್ಲ ಚೆನ್ನಾಗಿದೆ ಅಂತೀನಿ. ಇನ್ನೂ ಕೇಳೋರಿಗೆ ನಿಂಗ್ಯಾಕೆ ಅಂತೀನಿ."

ಹಿಂದಾಗಿದ್ದರೆ ಎರ್ಲಿಂದಾ ನಗುತ್ತಿದ್ದಳು. ಈಗ ನಗಲಿಲ್ಲ. ತಾಯಿಯನ್ನು ಏನು ಕೇಳಿದರೂ ಲಿಬ್ರಾದಾಳೇ ಉತ್ತರಿಸುವುದನ್ನೂ ಗಮನಿಸಿದಳು. ಮಧ್ಯಾಹ್ನ ಏನು ತಿಂದೆಯಮ್ಮ ಎಂದರೆ, "ಕಾಳು, ಕೆಂಪು ಮೆಣಸಿನಕಾಯಿ ಸಾರು, ಚೆನ್ನಾಗಿ ತಿಂದ್ರು" ಎಂದು ಲಿಬ್ರಾದಾ. ಯಾರಾದರೂ ಬಂದಿದ್ದರೇ ಎಂದರೆ, "ಯಾರೂ ಇಲ್ಲ" ಎಂದು ಮತ್ತೆ ಲಿಬ್ರಾದಾ. ನನ್ನ ತಾಯಿಗೆ ಬಾಯಿ ಬಿಡಲೂ ಕೊಡುತ್ತಿಲ್ಲ ಈ ಹೆಂಗಸು, ಎಂದುಕೊಂಡಳು ಎರ್ಲಿಂದಾ.

ಒಂದು ದಿನ ಹಿಮ ಬಿದ್ದು ಅಂಚೆ ವ್ಯಾನು ಘಟ್ಟ ದಾಟಲಿಲ್ಲ. ಎರ್ಲಿಂದಾ ಕಿಟಕಿ ಮುಚ್ಚಿ ಬೇಗನೆ ಮನೆಗೆ ಬಂದು, ಬೇಕೆಂದೇ ಹಿಂಬಾಗಿಲಿನ ಕಡೆ ಹೋಗಿ ನಿಂತಳು. ಒಳಗಿನಿಂದ ತಾಯಿಯ ದನಿ ಕೇಳಿಸಿತು.

"ತೆಗಿ ಆ ಚೀಲಾನ. ನನ್ನ ಔಷಧಿ ಅದ್ರಲ್ಲೇ ಇಟ್ಕೊಂಡಿದೀಯ. ಕಳ್ಳಿ ಕಣೇ ನೀನು, ಲಿಬ್ರಾದಾ. ಮೊದ್ಲಿಂದ್ಲೂ ನೀನು ಹಿಂಗೇ."

"ಕೂತ್ಕೊಳ್ಳಿ ಕೊಮಾದ್ರೆ. ಗಂಜಿ ಆರ್ತಿದೆ."

ಕಳ್ಳಿ ಎಂಬ ಮಾತಿಗಿಂತಲೂ ನೀನು ಎಂಬ ಮಾತು ಎರ್ಲಿಂದಾಳ ಎದೆಗೆ ತಾಗಿತು. ಆ ಕಣಿವೆಯಲ್ಲಿ ಕೊಮಾದ್ರೆಗೆ ನೀನು ಎಂದರೆ ದೇವರ ಮುಂದೆ ಕಟ್ಟಿದ್ದನ್ನು ಹರಿದು ಎಸೆದಂತೆ. ಹಿಂದೆ ಕಾಲುವೆಯ ನೀರಿನ ಸರದಿಗಾಗಿ ಜಗಳವಾಡಿ ಹಾಗೆಂದ ಇಬ್ಬರು ಹೆಂಗಸರು ಸಾಯುವವರೆಗೂ ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ. ಅಷ್ಟು ಸೌಮ್ಯಳಾದ ತಾಯಿಯ ಬಾಯಲ್ಲಿ ಆ ಪದ ಬರಬೇಕಾದರೆ ಲಿಬ್ರಾದಾ ಮಾಡಿರುವ ದ್ರೋಹ ಸಣ್ಣದಿರಲಾರದು. ಹೀಗೆ ಯೋಚಿಸಿದಳು ಎರ್ಲಿಂದಾ. ಕಣಿವೆಯಲ್ಲಿ ಹುಟ್ಟಿದ ಯಾರೇ ಆಗಿದ್ದರೂ ಹಾಗೆಯೇ ಯೋಚಿಸುತ್ತಿದ್ದರು.

ಅವಳು ಒಳಗೆ ನುಗ್ಗಿದಳು. "ಚೀಲ ತೆಗೀರಿ, ಮದ್ರೀನಾ."

ಲಿಬ್ರಾದಾ ಇನ್ಸುಲಿನ್ ಸೀಸೆಯನ್ನೂ ಸೂಜಿಗಳನ್ನೂ ತೆಗೆದು ಮೇಜಿನ ಮೇಲಿಟ್ಟಳು.

"ಎಷ್ಟು ದಿನದಿಂದ ನಡೀತಿದೆ ಇದು?"

ಲಿಬ್ರಾದಾ ಸೆಲೆದೋನಿಯಾಳ ಮುಖ ನೋಡಿದಳು. "ಅದನ್ನ ನಾನು ಹೇಳೋ ಹಾಗಿಲ್ಲ."

"ಹೇಳೋದೇನು ಬಂತು, ಕಣ್ಣಾರೆ ಕಂಡಾಯ್ತಲ್ಲ. ನಾಳೆಯಿಂದ ಬರ್ಬೇಡಿ."

"ಬರಲ್ಲ. ಆದ್ರೆ ಸೂಜಿ ನೀನೇ ಹಾಕು. ಇದನ್ನೆಲ್ಲ ಬೀಗ ಹಾಕಿಡು."

"ಕಳ್ಳರು ಇನ್ನು ಬರೋದಿಲ್ಲ ಅಂದ್ಮೇಲೆ ಬೀಗ ಯಾಕೆ?"

ಲಿಬ್ರಾದಾ ಶಾಲು ಹೊದ್ದು ಹಿಮದಲ್ಲಿ ನಡೆದುಹೋದಳು. ಎರ್ಲಿಂದಾ ಸೀಸೆಯನ್ನು ಫ್ರಿಜ್ಜಿನ ಬಾಗಿಲಲ್ಲಿ, ತಾಯಿಯ ಕೈಗೆ ಸಿಗುವಂತೆ ಇಟ್ಟಳು. ಸರಿಯಾದದ್ದನ್ನು ಮಾಡಿದ ಸಮಾಧಾನ ಅವಳಿಗಿತ್ತು.

ಮರುದಿನ ಬೆಳಿಗ್ಗೆ ತಾಯಿ ತಾನೇ ಸೂಜಿ ಹಾಕಿಕೊಂಡದ್ದನ್ನು ನೋಡಿಯೇ ಅವಳು ಕೆಲಸಕ್ಕೆ ಹೋದಳು. ಆದರೆ ಲಿಬ್ರಾದಾ ಕದ್ದು ಬಂದಿರಬಹುದೇ ಎಂಬ ಶಂಕೆ ಕೂರಲು ಬಿಡಲಿಲ್ಲ. ಊಟದ ಹೊತ್ತಿಗೂ ಮುಂಚೆಯೇ ಹಿಂತಿರುಗಿದಳು. ಬೇರೆಯವರನ್ನು ಹಿಡಿಯಲೆಂದು ಬಂದದ್ದರಿಂದ ತಾಯಿಯ ಜೀವ ಉಳಿಯಿತು.

ಸೆಲೆದೋನಿಯಾ ಅಡಿಗೆಮನೆಯ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿದ್ದಳು. ಮೈಯೆಲ್ಲ ತಣ್ಣನೆಯ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಬಟ್ಟಲಿನಲ್ಲಿ ನೀಲಿ ಮೆಕ್ಕೆಜೋಳದ ಗಂಜಿ ಕೆನೆಗಟ್ಟಿತ್ತು, ಯಾರೂ ಮುಟ್ಟಿರಲಿಲ್ಲ. ಕಸದ ತೊಟ್ಟಿಯಲ್ಲಿ ಬಳಸಿದ ಸೂಜಿಗಳು ಬಿದ್ದಿದ್ದವು, ಒಂದಲ್ಲ. ಹಾಕಿಕೊಂಡದ್ದನ್ನು ಮರೆತು ತಾಯಿ ಮತ್ತೆ ಮತ್ತೆ ಹಾಕಿಕೊಂಡಿದ್ದಳು.

ಎರ್ಲಿಂದಾ ಆಸ್ಪತ್ರೆಗೆ ಫೋನು ಮಾಡಿದಳು. ಅವಳ ಹೆಸರು ಕೇಳಿ ಡಾಕ್ಟರ್ ಬಾರೆಲಾ ಹಳೆಯ ಮಾತೆತ್ತಲಿಲ್ಲ. "ಸಕ್ಕರೆ ತೀರಾ ಇಳಿದಿದೆ. ಜೇನುತುಪ್ಪ ಇದೆಯಾ? ಕೆನ್ನೆ ಒಳಗೆ ಸವರಿ. ಗಂಟಲಿಗೆ ಸುರೀಬೇಡಿ. ಆಂಬುಲೆನ್ಸ್ ಕಳಿಸ್ತೀನಿ." ಅವಳು ಬೆರಳಿನಿಂದ ಜೇನು ಸವರಿದಳು, ಮತ್ತೆ ಸವರಿದಳು. ವಾಹನ ಘಟ್ಟ ಹತ್ತಿ ಬರುವಷ್ಟರಲ್ಲಿ ತಾಯಿಯ ಕಣ್ಣು ತಿಳಿಯಾಗಿತ್ತು.

ತಿಳಿಯಾದ ಆ ಕಣ್ಣು ಎರ್ಲಿಂದಾಳನ್ನು ಮೇಲಿನಿಂದ ಕೆಳಗಿನವರೆಗೆ ಅಳೆಯಿತು.

"ಲಿಬ್ರಾದಾ ಎಲ್ಲಿ? ಅವಳನ್ನ ಕರಿ. ಅವಳ ಮದುವೆ ಲಂಗಕ್ಕೆ ಅಂಚು ಹೊಲೀಬೇಕು." ನಂತರ ಅನುಮಾನದಿಂದ, "ನೀನ್ಯಾರ ಮಗಳು?"

ಆಗ ಎರ್ಲಿಂದಾಳಿಗೆ ತಿಳಿಯಿತು. ತಾಯಿ ಲಿಬ್ರಾದಾಳಿಗೆ ನೀನು ಎಂದದ್ದು ನಂಟನ್ನು ಹರಿದುಕೊಂಡಲ್ಲ. ಆ ನಂಟು ಇನ್ನೂ ಹುಟ್ಟಿಯೇ ಇರದ ಕಾಲಕ್ಕೆ ಹೋಗಿ ಕುಳಿತು ಅವಳು ಮಾತಾಡುತ್ತಿದ್ದಳು. ದೀಕ್ಷಾಸ್ನಾನವೇ ಆಗಿರದ ಆ ಕಾಲದಲ್ಲಿ ಎರ್ಲಿಂದಾ ಎಂಬ ಮಗುವೂ ಇರಲಿಲ್ಲ.

ಪಟ್ಟಣದ ಆಸ್ಪತ್ರೆಯಲ್ಲಿ ತಾಯಿಯನ್ನು ಒಂದು ರಾತ್ರಿ ಇಟ್ಟುಕೊಂಡು ಮನೆಗೆ ಕಳುಹಿಸಿದರು. ಎರ್ಲಿಂದಾ ಪಕ್ಕದ ಮನೆಯವರನ್ನು ಕೂರಿಸಿ ಲಿಬ್ರಾದಾಳ ಬಾಗಿಲಿಗೆ ಹೋದಳು. ಲಿಬ್ರಾದಾ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ.

"ಸುದ್ದಿ ಬಂತು. ಜೀವ ಉಳೀತಲ್ಲ, ದೇವರು ದೊಡ್ಡೋನು. ಚೀಲ ಹುಡುಕೋಕೆ ಬಂದ್ಯಾ?"

"ತಪ್ಪಾಯ್ತು ಮದ್ರೀನಾ."

"ಅವರು ಮೊದಲ್ನೇ ಸಲ ನೀನು ಅಂದಾಗ ನಾನೂ ನಿನ್ನ ಹಾಗೇ ಅಂದ್ಕೊಂಡೆ. ನಾನೇನು ಪಾಪ ಮಾಡ್ದೆ ಅಂತ ಮನೆಗೆ ಬಂದು ಅತ್ತೆ. ಮಾರನೇ ದಿನ ಜಡೆ ಹಾಕು ಬಾರೇ ಅಂದ್ರು. ಆಗ ಗೊತ್ತಾಯ್ತು."

"ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಒಂದಿನ ಎರಡು ಸಲ ಚುಚ್ಕೊಂಡು ಬಿದ್ರು. ಚೇತರಿಸ್ಕೊಂಡು, ಬುದ್ಧಿ ನೆಟ್ಟಗಿದ್ದಾಗ, ಮಗಳಿಗೆ ಹೇಳ್ಬೇಡಿ ಕೊಮಾದ್ರೆ, ಆರೈಕೆ ಮನೆಗೆ ಸೇರಿಸಿಬಿಡ್ತಾರೆ ಅಂತ ನನ್ನ ಕೈ ಹಿಡ್ಕೊಂಡ್ರು. ಮಾತು ಕೊಟ್ಟೆ. ಅವತ್ತಿಂದ ಸೀಸೆ ನನ್ನ ಚೀಲದಲ್ಲಿ. ನನ್ನ ಸಕ್ಕರೆಗೆ ಅದ್ರಲ್ಲಿ ಒಂದು ಹನೀನೂ ಮುಟ್ಟಿಲ್ಲ. ನೀನು ಆ ಕಡೆ ಹೋಗ್ತಿದ್ದ ಹಾಗೇ ನಾನೇ ಚುಚ್ತಿದ್ದೆ. ನೀನು ಬೇರೆ ಆಸ್ಪತ್ರೆ ಗೆದ್ದು ಬಂದೋಳು, ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ನಿನ್ನ ಹತ್ರ ಏನಂತ ಹೇಳ್ಲಿ?"

ಎರ್ಲಿಂದಾ ತಲೆ ತಗ್ಗಿಸಿದಳು. ಆದರೆ ಸುಮ್ಮನಿರಲಿಲ್ಲ. "ನೀವು ಮಾತು ಉಳಿಸ್ಕೊಂಡ್ರಿ. ಅಮ್ಮನ ಜೀವ ಹೋಗ್ತಿತ್ತು. ಅದೂ ಸರಿ ಅಲ್ಲ, ಮದ್ರೀನಾ."

ಲಿಬ್ರಾದಾ ಚಿಲಕದ ಮೇಲಿನ ಕೈ ತೆಗೆದಳು. "ಅಲ್ಲ" ಎಂದಳು. ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಗೌರವಕ್ಕಾಗಿ ಮುಚ್ಚಿಟ್ಟ ರೋಗ ಗೌರವವನ್ನೂ ಉಳಿಸುವುದಿಲ್ಲ, ರೋಗಿಯನ್ನೂ ಉಳಿಸುವುದಿಲ್ಲ. ಮುಚ್ಚಿಟ್ಟವರು ಪ್ರೀತಿಯಿಂದ ಮುಚ್ಚಿಟ್ಟರೆಂಬುದರಿಂದ ಆ ತಪ್ಪು ಹಗುರವಾಗುವುದಿಲ್ಲ. ಹಾಗೆಯೇ, ಆ ಪ್ರೀತಿಯನ್ನು ಕಳ್ಳತನವೆಂದು ಕರೆದವಳ ತಪ್ಪೂ ಹಗುರವಾಗುವುದಿಲ್ಲ. ಎರ್ಲಿಂದಾ ಮರುವಾರವೇ ತಾಯಿಯನ್ನು ಮತ್ತೆ ಪರೀಕ್ಷೆಗೆ ಕರೆದೊಯ್ದಳು. ಕಣಿವೆಯ ಮಾತಿನಲ್ಲೇ ಕೇಳಬೇಕೆಂದು ಪಟ್ಟು ಹಿಡಿದಳು, ಡಾಕ್ಟರು ತಾವೇ ಕುಳಿತು ಹಾಗೆಯೇ ಕೇಳಿದರು. ಈ ಸಲ ಬಂದ ಉತ್ತರವನ್ನು ಅವಳು ವಾದಿಸದೆ ಕೇಳಿಸಿಕೊಂಡಳು. ರೋಗ ಇತ್ತು. ತಾಯಿ ಮನೆಯಲ್ಲೇ ಇರಬಹುದು, ಸೂಜಿ ಮಾತ್ರ ಇನ್ನೆಂದೂ ಅವಳ ಕೈಗೆ ಸಿಗಬಾರದು ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ಲಿಬ್ರಾದಾ ಬೇಗನೆ ಬಂದಳು. ಸೀಸೆಯನ್ನು ಅಂಗೈಯಲ್ಲಿ ಹೊರಳಿಸುವುದು, ಸೂಜಿಯೊಳಗಿನ ಗಾಳಿಗುಳ್ಳೆಯನ್ನು ತಟ್ಟಿ ಹೊರಗೆ ಕಳುಹಿಸುವುದು, ಎಲ್ಲವನ್ನೂ ಎರ್ಲಿಂದಾಳಿಗೆ ತೋರಿಸಿಕೊಟ್ಟಳು. ಸೆಲೆದೋನಿಯಾ ಶಾಲನ್ನು ಬಿಗಿಯಾಗಿ ಎಳೆದುಕೊಂಡು ನೋಡುತ್ತಿದ್ದಳು.

"ಇವಳ್ಯಾಕೆ ಇಲ್ಲಿ? ಯಾರಿವಳು?" ಎಂದು ಲಿಬ್ರಾದಾಳ ಕಡೆ ಬಾಗಿ ಪಿಸುಗುಟ್ಟಿದಳು. "ಏನು ಬೆರೆಸ್ತಾಳೋ. ಕಣ್ಣಿಡು ಅವಳ ಮೇಲೆ."

"ಇಟ್ಟಿದೀನಿ, ಕೊಮಾದ್ರೆ. ಒಳ್ಳೇ ಹುಡುಗೀನೇ. ತುಸು ಬಾಯಿ ಜಾಸ್ತಿ."

ಎರ್ಲಿಂದಾ ತಾನು ಯಾರೆಂದು ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಕುರ್ಚಿಯ ಮುಂದೆ ಮೊಣಕಾಲೂರಿ, ಔಷಧಿ ಯಾವ ಗೆರೆಯವರೆಗಿದೆಯೆಂದು ತಾಯಿಗೆ ಕಾಣುವಂತೆ ಸೂಜಿಯನ್ನು ಬೆಳಕಿಗೆ ಹಿಡಿದಳು.

ಸೆಲೆದೋನಿಯಾ ಗೆರೆ ನೋಡಿದಳು. ನಂತರ ಆ ಅಪರಿಚಿತ ಹೆಂಗಸಿನ ಮುಖ ನೋಡಿದಳು. ಕಣ್ಣು ಅಲ್ಲಿಂದ ಕದಲಿಸದೆ, ಲಿಬ್ರಾದಾಳ ಶಾಲಿನ ಅಂಚನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ತೋಳನ್ನು ಮೆಲ್ಲಗೆ ಮುಂದೆ ಚಾಚಿದಳು.