ಬೆರಳಿಗೆ ತಿಳಿಯದ ಬಿಗಿ

ಹಲ್ಲಿನ ಡಾಕ್ಟರಿಗೆ ತನ್ನ ಕಾರು ಕಿರುಚಬೇಕೆಂಬ ಆಸೆ ಯಾಕೆ ಹುಟ್ಟಿತೋ ದೇವರಿಗೇ ಗೊತ್ತು. ದಿನವಿಡೀ ಕುರ್ಚಿಯಲ್ಲಿ ಕೂತವರು ಕಿರುಚುವುದನ್ನು ಕೇಳಿದ್ದು ಸಾಲದೆ ಹೋಯಿತೇನೋ. ಮಾವನಿಂದ ಬಂದ ಹಳೆಯ ಕಾರು, ಹೊರಗಿನಿಂದ ನೋಡಿದರೆ ಪಾಪದ ಪ್ರಾಣಿ, ಬಣ್ಣ ಮಾಸಿದ ಬೂದಿ. ಅದರೊಳಗೆ ಬೇರೊಂದು ಕಾರಿನ ಟರ್ಬೊ ಎಂಜಿನ್ ಕೂರಿಸಬೇಕು. ಕೂರಿಸುವಾಗಲೇ ಎಂಜಿನ್ನಿಗೆ ಗಾಳಿ ಊದುವ ಅದರ ಸ್ವಂತ ಟರ್ಬೊ ಕಿತ್ತು ಇನ್ನೂ ದೊಡ್ಡದನ್ನು ಹಾಕಬೇಕು, ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರು ಬೇಕು, ಬಂಪರಿನ ಹಿಂದೆ ಆ ಗಾಳಿ ತಣಿಸುವ ಅಗಲವಾದ ಇಂಟರ್‌ಕೂಲರ್ ಬೇಕು, ಸ್ಟೀಲ್ ತಂತಿ ಹೆಣೆದ ಪೆಟ್ರೋಲ್ ಪೈಪು ಬೇಕು. ಎಲ್ಲವನ್ನೂ ಪೆಟ್ಟಿಗೆಗಟ್ಟಲೆ ತರಿಸಿ ಗ್ಯಾರೇಜಿನ ಮೂಲೆಯಲ್ಲಿ ಪೇರಿಸಿ, "ಮೇಸ್ತ್ರಿ, ಇದು ನಿಮ್ಮ ಕೈಯಲ್ಲೇ ಆಗ್ಬೇಕು. ಬೇರೆಯವ್ರ ಕೈಗೆ ನಾನು ಕೊಡಲ್ಲ" ಎಂದಿದ್ದ.

ಹೊಗಳಿಕೆ ಕೇಳಿ ಉಬ್ಬಬೇಕಾದ ಮೇಸ್ತ್ರಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಯಾಕೆಂದರೆ ಆ ಕೈ ಮೊದಲಿನ ಕೈಯಾಗಿ ಉಳಿದಿರಲಿಲ್ಲ.

ಮೊದಮೊದಲು ಬೆಳಗ್ಗೆ ಎದ್ದಾಗ ಬೆರಳ ತುದಿಗೆ ಜೋಮು ಹಿಡಿದಿರುತ್ತಿತ್ತು, ಕೈ ಕೊಡವಿದರೆ ಬಿಡುತ್ತಿತ್ತು. ಬರಬರುತ್ತಾ ಜೋಮು ಬಿಡುವುದನ್ನೇ ಮರೆಯಿತು. ಅಂಗಿಯ ಗುಂಡಿ ಹಾಕಲು ಹೆಣಗಾಡುವುದನ್ನು ಹೆಂಡತಿ ನೋಡಿದಳು. "ಕಾಜಾ ಚಿಕ್ಕದು ಮಾಡಿದಾನೆ ದರ್ಜಿ" ಎಂದು ಮೇಸ್ತ್ರಿ ಹೇಳಿದ. ಅವಳು ಹೋಗಿ ಆ ಬಡಪಾಯಿ ದರ್ಜಿಗೆ ಮೂರು ಬೀದಿಗೆ ಕೇಳುವಂತೆ ಬೈದು ಬಂದಳು. ಮೇಸ್ತ್ರಿ ಬಾಯಿಬಿಡಲಿಲ್ಲ. ಕೈ ಹೋದ ಮೇಸ್ತ್ರಿ ಎಂದರೆ ಏನು? ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಹೋಗಿ ಬರುವವರಿಗೆ ಬುದ್ಧಿ ಹೇಳುವ ಮುದುಕ. ಅವನಿಗೆ ಇನ್ನೂ ಮುದುಕನಾಗಲು ಪುರುಸೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಪ್ಪನ ಹತ್ತಿರವೇ ಕೆಲಸ ಕಲಿಯುತ್ತೇನೆಂದು ಹಟ ಹಿಡಿದು ಬಂದು ಈಗ ಅವನ ಸರಿಸಮಕ್ಕೆ ನಿಂತು ದುಡಿಯುತ್ತಿದ್ದ ಮಗಳ ಮುಂದೆ ಆ ಮಾತು ಆಡುವುದೆಂದರೆ ಅವನಿಗೆ ಸಾವೇ ಬಂದಂತಿತ್ತು.

ಎಂಜಿನ್ನಿನ ದೊಡ್ಡ ಬೋಲ್ಟುಗಳದ್ದು ಚಿಂತೆಯಿಲ್ಲ. ಇಷ್ಟು ಬಿಗಿಯಾದರೆ ಸಾಕೆಂದು ಟಕ್ ಎಂದು ಹೇಳುವ ಪಾನಾ ಇದೆ, ಕಿವಿ ಇದ್ದರೆ ಆಯಿತು. ಪ್ರಾಣ ಹಿಂಡುವುದು ಪೆಟ್ರೋಲ್ ಪೈಪಿನ ತುದಿಯ ಅಲ್ಯೂಮಿನಿಯಂ ನಟ್ಟು. ಆ ಸಂದಿಗೆ ಟಕ್ ಎನ್ನುವ ಪಾನಾ ಹೋಗುವುದಿಲ್ಲ. ಸಡಿಲವಿದ್ದರೆ ಸೋರುತ್ತದೆ, ಜಾಸ್ತಿ ಬಿಗಿದರೆ ಸೀಳುತ್ತದೆ. ಎರಡರ ನಡುವಿನ ಜಾಗ ಬೆರಳಿಗೆ ಮಾತ್ರ ಗೊತ್ತು. ಅದರ ಕೆಳಗೇ ಟರ್ಬೊ ಇರುತ್ತದೆ, ಗಾಡಿ ಓಡಿದ ಮೇಲೆ ಕೆಂಡದ ಹಾಗೆ ಕೆಂಪಗೆ.

ಮೇಸ್ತ್ರಿಯ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಬಿಗಿ ಮಾಡಿದವರೇ ನಟ್ಟಿನ ಮೇಲೆ ಬಿಳಿ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಬೇಕು. ಗೆರೆ ಬೀಳುವ ತನಕ ಪೆನ್ನಿನ ಮುಚ್ಚಳ ಹಲ್ಲಿನ ನಡುವೆ ಇರಬೇಕು, ಗೆರೆ ಬಿದ್ದ ಮೇಲೆಯೇ ಪೆನ್ನಿಗೆ. ಬಾಯಲ್ಲಿ ಮುಚ್ಚಳ ಇದ್ದವರನ್ನು ಯಾರೂ ಮಾತಾಡಿಸುವಂತಿಲ್ಲ. ಮಗಳಿಗೂ ಹಾಗೆಯೇ ಕಲಿಸಿದ್ದ.

ಆ ದಿನ ಬೆಳಗ್ಗೆ ಅವನು ಪೆಟ್ರೋಲ್ ಪೈಪಿನ ನಟ್ಟು ಬಿಗಿದು ಗೆರೆ ಎಳೆದ. ಅವನು ಆಚೆ ಹೋಗಿ ಟೀ ಕುಡಿದು ಬಂದ ಮೇಲೆ ಎಂಜಿನ್ ಚಾಲೂ ಆಯಿತು. ಬೇರೆ ಮೈಗೆ ಬಂದ ಎಂಜಿನ್ನು ಒಂದೆರಡು ಸಲ ಕೆಮ್ಮಿ ಆಮೇಲೆ ಹದಕ್ಕೆ ಬಂತು. ಇಬ್ಬರೂ ಟಾರ್ಚು ಹಿಡಿದು ಇಂಚಿಂಚೂ ನೋಡಿದರು. ಎಲ್ಲಿಯೂ ಒಂದು ತೊಟ್ಟು ಸೋರಲಿಲ್ಲ. "ಊಟ ಆದ್ಮೇಲೆ ತಗೊಂಡು ಹೋಗಿ ಬೈಪಾಸಲ್ಲಿ ಒಂದು ಸುತ್ತು ಹಾಕ್ಕೊಂಡು ಬಾ" ಎಂದ ಮೇಸ್ತ್ರಿ. ಮಗಳು ಕೈ ತೊಳೆದು ಡಬ್ಬಿ ಬಿಚ್ಚಲು ಒಳಕೋಣೆಗೆ ಹೋದಳು.

ಅವನು ಹೋಗಲಿಲ್ಲ. ಎಂಜಿನ್ ನಿಲ್ಲಿಸಿ, ಅದು ತಣಿಯುವ ತನಕ ಅದರ ಮುಂದೆಯೇ ನಿಂತಿದ್ದ. ನಟ್ಟು ಕೂತಾಗ ಬೆರಳಿಗೆ ಏನಾದರೂ ತಿಳಿಯಿತೇ? ನೆನಪು ಮಾಡಿಕೊಂಡ. ಏನೂ ತಿಳಿದಿರಲಿಲ್ಲ. ಕೈ ನಿಂತಿತು, ಅದಕ್ಕೇ ಬಿಗಿಯಾಯಿತು ಅಂದುಕೊಂಡಿದ್ದ, ಅಷ್ಟೆ. ನಟ್ಟಿನ ಥ್ರೆಡ್ ಓರೆಯಾಗಿ ಕಚ್ಚಿ ಹಾಗೆ ನಿಂತಿದ್ದರೆ? ಸುಮ್ಮನೆ ನಿಂತಲ್ಲಿ ಸೋರದ್ದು ರಸ್ತೆಯಲ್ಲಿ ಒತ್ತಡ ಏರಿದಾಗ ಬಿಚ್ಚಿಕೊಂಡರೆ? ಅನುಮಾನ ಒಮ್ಮೆ ಹೊಕ್ಕರೆ ಅದರ ಕಾಟ ಅವನಿಗೆ ಚೆನ್ನಾಗಿ ಗೊತ್ತಿತ್ತು. ಈಚೆಗೆ ಅವನು ಪ್ರತಿ ಗಾಡಿಗೂ ಹೀಗೇ ಮಾಡುತ್ತಿದ್ದ. ಮಗಳು ಇಲ್ಲದ ಹೊತ್ತು ನೋಡಿ, ತಾನೇ ಬಿಗಿದದ್ದನ್ನು ತಾನೇ ಬಿಚ್ಚಿ, ಕಣ್ಣಿನಿಂದ ಪರೀಕ್ಷಿಸಿ, ಮತ್ತೆ ಬಿಗಿಯುವುದು. ಬೆರಳು ಹೇಳದ್ದನ್ನು ಕಣ್ಣು ಹೇಳುತ್ತದೆಂದು ನಂಬಿಕೆ.

ಬಿಳಿ ಗೆರೆಯನ್ನು ಉಗುರಿನಿಂದ ಕೆರೆದು ತೆಗೆದ. ನಟ್ಟು ಬಿಚ್ಚಿದ. ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಥ್ರೆಡ್ಡು ಅಚ್ಚುಕಟ್ಟಾಗಿತ್ತು, ಕೂರುವ ಜಾಗವೂ ನುಣ್ಣಗಿತ್ತು. ಸಮಾಧಾನವಾಯಿತು. ನಟ್ಟನ್ನು ಕೈಯಿಂದ ತಿರುಗಿಸಿ ಕೂರಿಸಿದ, ಪೆನ್ನಿನ ಮುಚ್ಚಳ ತೆಗೆದು ಹಲ್ಲಿಗೆ ಕಚ್ಚಿಕೊಂಡ, ಪಾನಾಕ್ಕೆ ಕೈ ಚಾಚಿದ.

ಅಷ್ಟರಲ್ಲಿ ಮುಂಬಾಗಿಲಲ್ಲಿ ಹಾರನ್ನು. ಡಾಕ್ಟರು ಹೆಂಡತಿಯ ಪುಟ್ಟ ಕಾರನ್ನು ತಂದು ಒಳಗೆ ಬರುವ ದಾರಿಗೇ ಅಡ್ಡ ನಿಲ್ಲಿಸಿದ್ದ. ಹಿಂದೆ ಒಂದು ಲಾರಿಯವನು ಬಾಯಿಗೆ ಬಂದಂತೆ ಬೈಯುತ್ತಿದ್ದ. ಮೇಸ್ತ್ರಿ ಓಡಿದ. ಲಾರಿಯವನಿಗೆ ಕೈಮುಗಿದು, ಡಾಕ್ಟರ ಕಾರನ್ನು ಪಕ್ಕಕ್ಕೆ ತೆಗೆಸುವಷ್ಟರಲ್ಲಿ ಸಾಕುಸಾಕಾಯಿತು. ಡಾಕ್ಟರು ಇಳಿದವನೇ ಮಾತಿಗೆ ಶುರುಮಾಡಿದ. ಟರ್ಬೊ ಎಷ್ಟು ಜೋರಾಗಿ ಊದುತ್ತೆ, ಸೈಲೆನ್ಸರ್ ಸದ್ದು ಹೇಗಿದೆ, ಹೆಂಡತಿಗೆ ಇನ್ನೂ ಹೇಳಿಲ್ಲ ಮೇಸ್ತ್ರಿ. ಮೇಸ್ತ್ರಿ ಹೂಂ, ಊಹೂಂ ಎಂದು ತಲೆಯಾಡಿಸುತ್ತ ನಿಂತ. ಗ್ಯಾರೇಜಿನ ಹಿಂಬಾಗಿಲ ಕಡೆ ಬಾನೆಟ್ ದಪ್ಪೆಂದು ಮುಚ್ಚಿದ ಸದ್ದು, ಆಮೇಲೆ ಎಂಜಿನ್ನಿನ ಗುಡುಗು, ಆಮೇಲೆ ದೂರವಾಗುತ್ತ ಹೋದ ಟರ್ಬೊದ ಸಿಳ್ಳು.

"ಆಹಾ! ಹೊರಟ್ಲು ನೋಡಿ ನಮ್ಮ ರಾಣಿ" ಎಂದು ಡಾಕ್ಟರು ಕಣ್ಣರಳಿಸಿದ. ಆಮೇಲೆ ಮೇಸ್ತ್ರಿಯ ಮುಖ ನೋಡಿ ಹುಬ್ಬು ಗಂಟಿಕ್ಕಿದ. "ಬಾಯಲ್ಲಿ ಅದೇನ್ರೀ ಪ್ಲಾಸ್ಟಿಕ್ ಕಚ್ಕೊಂಡಿದೀರಿ? ಹಲ್ಲು ಸವೆದೋಗುತ್ತೆ, ಉಗೀರಿ ಅದನ್ನ."

ಮೇಸ್ತ್ರಿ ಬಾಯಿಗೆ ಕೈ ಹಾಕಿದ. ಪೆನ್ನಿನ ಮುಚ್ಚಳ.

ಗೆರೆ ಎಳೆದಿಲ್ಲ. ಗೆರೆ ಎಳೆದಿಲ್ಲವೆಂದರೆ ಬಿಗಿದಿಲ್ಲ. ನಟ್ಟು ಬರೀ ಕೈಯ ತಿರುವಿನ ಮೇಲೆ ನಿಂತಿದೆ, ಅದರ ಕೆಳಗೆ ಟರ್ಬೊ ಇದೆ, ಅದರ ಹಿಂದೆ ಕೈಯಳತೆಯಲ್ಲಿ ಮಗಳು ಕೂತಿದ್ದಾಳೆ.

ಫೋನ್ ಮಾಡಿದ. ಸಂಪರ್ಕದಲ್ಲಿಲ್ಲ ಎಂದಿತು. ಎಂಜಿನ್ನಿನ ಬಿಸಿ, ಒತ್ತಡ ಎಲ್ಲ ತೋರಿಸಲು ಅವಳು ಫೋನನ್ನೇ ಡ್ಯಾಶ್‌ಬೋರ್ಡಿಗೆ ಅಂಟಿಸಿ, ನಡುವೆ ಕರೆ ಬಂದು ತೊಂದರೆ ಕೊಡದಿರಲೆಂದು ನೆಟ್‌ವರ್ಕ್ ಆರಿಸಿಬಿಡುತ್ತಾಳೆ. ಆ ಬುದ್ಧಿಯನ್ನೂ ಅವನೇ ಕಲಿಸಿದ್ದ.

"ಡಾಕ್ಟ್ರೇ, ಗಾಡಿ ತೆಗೀರಿ. ಬೈಪಾಸ್ ಕಡೆ. ಬೇಗ!"

"ಯಾಕೆ, ಏನಾಯ್ತು?"

"ಪೆಟ್ರೋಲ್ ಪೈಪ್ ಬಿಗಿ ಮಾಡಿಲ್ಲ ನಾನು."

ಡಾಕ್ಟರ ಮುಖ ಸುಣ್ಣದ ಹಾಗೆ ಬಿಳಿಚಿತು. ಅಲ್ಲಿಯ ತನಕ ಹಳದಿ ದೀಪ ಕಂಡರೆ ಸಾಕು ಬ್ರೇಕು ಒತ್ತುತ್ತಿದ್ದ ಮನುಷ್ಯ ಆ ಪುಟ್ಟ ಕಾರನ್ನು ಓಡಿಸಿದ ರೀತಿ ನೋಡಿದ್ದರೆ ಅವನ ಹೆಂಡತಿ ಅಲ್ಲಿಯೇ ಸೋಡಾಚೀಟಿ ಕೊಡುತ್ತಿದ್ದಳು. ಮೇಸ್ತ್ರಿಗೆ ಅದು ಸಾಲದು. ಕಾಲು ತಾನಾಗಿ ಇಲ್ಲದ ಪೆಡಲನ್ನು ತುಳಿಯುತ್ತಿತ್ತು. ಗೋದಾಮುಗಳ ಉದ್ದದ ಗೋಡೆ ಮುಗಿಯುತ್ತಲೇ ಇರಲಿಲ್ಲ. ಈಗ ಅವಳು ಮೂರನೇ ಗೇರಿನಲ್ಲಿರುತ್ತಾಳೆ. ಈಗ ಕಾಲು ಪೂರ್ತಿ ಒತ್ತುತ್ತಾಳೆ. ಒತ್ತಡ ಏರಿದ ಹಾಗೆ ಪೆಟ್ರೋಲೂ ಏರುತ್ತದೆ, ನಟ್ಟು ಒಂದು ಎಳೆ ಹಿಂದೆ ಸರಿಯುತ್ತದೆ. ಹಾಗೆಲ್ಲ ಯೋಚಿಸಬಾರದೆಂದು ತಲೆ ಅಲುಗಿಸಿದ. ತಲೆ ಕೇಳಲಿಲ್ಲ. ಎಂಜಿನ್ನಿನ ಒಳಗೆ ಏನೇನಾಗುತ್ತದೆಂದು ಗೊತ್ತಿಲ್ಲದ ಅಪ್ಪನಾದರೂ ಆಗಿದ್ದರೆ ಬರೀ ಹೆದರಬಹುದಿತ್ತು. ಇವನಿಗೆ ಪ್ರತಿಯೊಂದೂ ಕಣ್ಣಿಗೆ ಕಟ್ಟುತ್ತಿತ್ತು.

"ಹೊಗೆ" ಎಂದ ಡಾಕ್ಟರು.

ನೀರಿನ ಟ್ಯಾಂಕಿನ ಆಚೆ, ರಸ್ತೆಯ ಅಂಚಿನಲ್ಲಿ, ಬೂದಿ ಬಣ್ಣದ ಕಾರು. ಬಾನೆಟ್ ಮೇಲೆದ್ದಿತ್ತು. ಡಾಕ್ಟರ ಕಾರು ನಿಲ್ಲುವ ಮೊದಲೇ ಮೇಸ್ತ್ರಿ ಬಾಗಿಲು ತೆರೆದು ಬಿದ್ದೆದ್ದು ಓಡಿದ. ಡ್ರೈವರ್ ಸೀಟಿನಲ್ಲಿ ಯಾರೂ ಇರಲಿಲ್ಲ. ಆ ಒಂದು ಗಳಿಗೆಯಲ್ಲಿ ಅವನ ಜೀವ ಎಲ್ಲಿ ಹೋಗಿತ್ತೋ ಅವನಿಗೇ ತಿಳಿಯದು.

ಮಗಳು ಕಾರಿನ ಆಚೆ ಬದಿಯಲ್ಲಿ, ರಸ್ತೆ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು. ಗಾಡಿ ಓಡಿಸಿ ನೋಡುವಾಗ ಸದಾ ಜೊತೆಗಿಟ್ಟುಕೊಳ್ಳುವ ಬೆಂಕಿ ಆರಿಸುವ ಸಿಲಿಂಡರನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಅವುಚಿಕೊಂಡಿದ್ದಳು. ಎಂಜಿನ್ನಿನ ಮೇಲೆಲ್ಲ ಬಿಳಿ ಪುಡಿ. ಅವಳ ಹಣೆಯ ಮೇಲಿನ ಕೂದಲು ಸುಟ್ಟು ಮುರುಟಿತ್ತು, ಒಂದು ಹುಬ್ಬು ಅರ್ಧವಾಗಿತ್ತು. ಸುಟ್ಟ ಕೂದಲಿನ ವಾಸನೆ, ಪೆಟ್ರೋಲಿನ ವಾಸನೆ.

"ವಾಸನೆ ಬಂತು. ನಿಲ್ಸಿ ಸ್ವಿಚ್ ಆಫ್ ಮಾಡಿದೆ. ಬಾನೆಟ್ ಎತ್ತಿದ್ದೇ ತಡ, ಭಗ್ ಅಂತು" ಎಂದಳು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

ಮೇಸ್ತ್ರಿ ಅವಳ ಮುಖ, ಕೈ, ಕತ್ತು ಎಲ್ಲ ಮುಟ್ಟಿ ನೋಡಿದ. ಮುಟ್ಟಿದ್ದು ಬೆರಳಿಗೆ ಗೊತ್ತಾಗಲಿಲ್ಲ. ಹಿಂಗೈಯನ್ನು ಅವಳ ಕೆನ್ನೆಗೆ ಒತ್ತಿದ. ಬೆಚ್ಚಗಿತ್ತು. ಆಗ ಅವನಿಗೆ ಅಳು ಒತ್ತರಿಸಿ ಬಂತು, ತಡೆಯಲಿಲ್ಲ.

ಡಾಕ್ಟರು ಅವಳ ಹಣೆ ಪರೀಕ್ಷಿಸಿ, ಚರ್ಮಕ್ಕೇನೂ ಆಗಿಲ್ಲವೆಂದು ಹೇಳಿ, ನೀರು ತರುತ್ತೇನೆಂದು ಹೊರಟ. ತನ್ನ ಕಾರಿನ ಕಡೆ ಅವನು ತಿರುಗಿಯೂ ನೋಡಲಿಲ್ಲ.

"ಅಪ್ಪ," ಮಗಳು ನಿಧಾನವಾಗಿ ಕೇಳಿದಳು, "ಆ ನಟ್ಟು ಹೇಗೆ ಬಿಚ್ಕೊಳ್ತು? ಅದನ್ನ ನಾನೇ ಬಿಗಿ ಮಾಡಿದ್ದೆ."

"ನೀನೆಲ್ಲಿ ಮಾಡ್ದೆ? ಬೆಳಗ್ಗೆ ಮಾಡಿದ್ದು ನಾನು."

ಅವಳು ಸಿಲಿಂಡರನ್ನು ಕೆಳಗಿಟ್ಟಳು. "ನೀನು ಮಾಡಿ ಆಚೆ ಹೋದ್ಮೇಲೆ ನಾನು ಮಾಡ್ತೀನಿ. ಎಲ್ಲ ಗಾಡೀಗೂ. ಒಂದಿನ ನೀನು ಬಿಸಿ ಸೈಲೆನ್ಸರ್ ಪೈಪ್ ಹಿಡ್ಕೊಂಡು ಮಾತಾಡ್ತಾ ನಿಂತಿದ್ದೆ. ಚರ್ಮ ಸುಟ್ಟ ವಾಸನೆ ಬಂದ್ಮೇಲೆ ಬಿಟ್ಟೆ. ಅವತ್ತಿಂದ. ನಿಂಗೆ ಬೇಜಾರಾಗುತ್ತೆ ಅಂತ ಹೇಳಿಲ್ಲ. ಇವತ್ತೂ ಎಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ ನೋಡ್ದೆ, ಒಂಚೂರು ಕಡಿಮೆಯಿತ್ತು, ಬಿಗಿ ಮಾಡಿ ಗೆರೆ ಮೇಲೆ ಹೊಸ ಗೆರೆ ಎಳೆದೆ. ಸರಿಯಾಗಿತ್ತು ಅಪ್ಪ. ಆಣೆ ಮಾಡಿ ಹೇಳ್ತೀನಿ, ಸರಿಯಾಗಿತ್ತು."

ಸರಿಯಾಗಿಯೇ ಇತ್ತು. ಸರಿಯಿದ್ದದ್ದನ್ನು ಬಿಚ್ಚಿದವನು ತಾನು. ಕಾರಿನ ಕಡೆ ನೋಡುತ್ತ ಮೇಸ್ತ್ರಿ ಎಲ್ಲವನ್ನೂ ಹೇಳಿದ: ಅನುಮಾನ, ಉಗುರಿನಿಂದ ಕೆರೆದ ಗೆರೆ, ಬಾಯಲ್ಲಿದ್ದ ಮುಚ್ಚಳ. ಹೇಳಿ ಮುಗಿಸಿ ಅವಳು ಬೈಯಲೆಂದು ಕಾದ. ಅವಳು ಬೈಯಲಿಲ್ಲ.

"ಇದೊಂದೇ ಗಾಡಿಗಾ, ಅಪ್ಪ? ಬಿಚ್ಚಿ ನೋಡಿದ್ದು?"

ಪ್ರಶ್ನೆ ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಾನು ಬಿಗಿಯುತ್ತಿದ್ದ, ಅವಳು ಬಂದು ಸರಿಮಾಡುತ್ತಿದ್ದಳು, ಆಮೇಲೆ ತಾನು ಹೋಗಿ ಅವಳು ಸರಿಮಾಡಿದ್ದನ್ನು ಬಿಚ್ಚಿ ಮತ್ತೆ ಬಿಗಿಯುತ್ತಿದ್ದ. ಪ್ರತಿ ಗಾಡಿಗೂ ಕೊನೆಯ ಕೈ ಇವನದೇ. ಅವೆಲ್ಲ ಈಗ ರಸ್ತೆಯ ಮೇಲಿವೆ. ಬಿಗಿಯಾಗಿದೆಯೆಂದು ಹೇಳಿದ್ದು ಈ ಬೆರಳುಗಳು.

"ಮೊನ್ನೆ ರಿಪೇರಿ ಮಾಡಿ ಕೊಟ್ವಲ್ಲ, ಶಾಲೆ ಟೀಚರ್ ಗಾಡಿ" ಎಂದ. "ಬ್ರೇಕ್ ಪೈಪು. ನೀನು ಟೈರ್ ಅಂಗಡಿಗೆ ಹೋಗಿದ್ದಾಗ ಬಿಚ್ಚಿ ನೋಡ್ದೆ."

"ಮತ್ತೆ ಬಿಗಿದೆ ತಾನೆ?"

"ಬಿಗಿದೆ. ಎಷ್ಟು ಅಂತ ಗೊತ್ತಿಲ್ಲ ಕಣಮ್ಮ."

ಜೇಬಿನಿಂದ ಫೋನ್ ತೆಗೆದ. ಬೆರಳು ತೆರೆಯ ಮೇಲೆ ಎಲ್ಲಿ ತಾಗಿತೆಂದೇ ತಿಳಿಯದೆ ಯಾರು ಯಾರದೋ ಹೆಸರು ಬಂತು. ಮಗಳು ಕಿತ್ತುಕೊಂಡು ನಂಬರು ಒತ್ತಿ, ಮಾತು ಇಬ್ಬರಿಗೂ ಕೇಳುವಂತೆ ಮಾಡಿ ಅವನ ಬಾಯಿಯ ಹತ್ತಿರ ಹಿಡಿದಳು. ಕರೆ ಹೋಗುತ್ತಿತ್ತು, ಹೋಗುತ್ತಲೇ ಇತ್ತು.

"ಹಲೋ ಮೇಸ್ತ್ರಿ, ಬೇಗ ಹೇಳಿ, ಗಾಡಿ ಓಡಿಸ್ತಿದೀನಿ" ಎಂದಿತು ಟೀಚರ ದನಿ. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಮೇಡಂ, ಇಳಿಜಾರಲ್ಲಿದೀರಾ?"

"ಇಲ್ಲ, ಶಾಲೆ ಹತ್ರಾನೇ. ಯಾಕೆ?"

"ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀರಿ. ಬ್ರೇಕ್ ಜೋರಾಗಿ ಒತ್ಬೇಡಿ. ಗೇರ್ ಇಳಿಸ್ತಾ ಪಕ್ಕಕ್ಕೆ ಬನ್ನಿ. ನಿಧಾನ. ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೀರಿ."

ಮಕ್ಕಳು ಸುಮ್ಮನಾದರು. ಎಂಜಿನ್ನಿನ ಸದ್ದು ಇಳಿಯಿತು. ಚಕ್ರದಡಿ ಜಲ್ಲಿ ಕರಕರ ಎಂದಿತು. ಮೇಸ್ತ್ರಿ ಕಣ್ಣು ಮುಚ್ಚಿದ್ದ, ಮಗಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು.

"ನಿಲ್ಸಿದೆ. ಏನಾಗಿದೆ ಮೇಸ್ತ್ರಿ? ಹೆದರಿಸ್ಬೇಡಿ."

"ಗಾಡಿ ಅಲ್ಲೇ ಬಿಡಿ ಮೇಡಂ. ಮಗಳು ಬಂದು ನೋಡ್ತಾಳೆ." ಇಷ್ಟು ಹೇಳಿ ಇಟ್ಟುಬಿಡಬಹುದಿತ್ತು. ಮೇಸ್ತ್ರಿ ಇಡಲಿಲ್ಲ. "ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ. ಬಹಳ ದಿನ ಆಯ್ತು. ಯಾರಿಗೂ ಹೇಳಿರ್ಲಿಲ್ಲ."

"ಈಗಲೇ ಬರ್ತೀನಿ ಮೇಡಂ" ಎಂದು ಮಗಳು ಫೋನ್ ಇಟ್ಟು, ಸುಟ್ಟ ಕೂದಲನ್ನು ಹಣೆಯಿಂದ ಹಿಂದಕ್ಕೆ ತಳ್ಳಿ, ಅಪ್ಪನ ಮುಖ ನೋಡಿದಳು.

"ಮುಂದಿನ ಗಾಡಿ ಯಾರದು ಅಪ್ಪ?" ಎಂದಳು. "ಒಬ್ಬರನ್ನೂ ಬಿಡದೆ ಹೇಳು."